ಕೈತಪ್ಪಿದ ಬಾಟಲಿ ಎಂದೂ ಹುಳಿಯುವುದಿಲ್ಲ

(ವೈನ್ ಆಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಶುರುಮಾಡುವ ಮೊದಲು ಒಂದು ಪ್ರಶ್ನೆ. ಕೊಳ್ಳಬಹುದಾಗಿತ್ತು, ಕೊಳ್ಳಲಿಲ್ಲ, ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ ಎನ್ನುವಂಥ ಒಂದಾದರೂ ಬಾಟಲಿ ಯಾರ ಲೆಕ್ಕದಲ್ಲಿದೆಯೋ ಅವರು ಕೈ ಎತ್ತಿ. ಸರಿ, ಸಾಕು, ಎಣಿಸುವ ಅಗತ್ಯವಿಲ್ಲ. ಕೈ ಎತ್ತದವರು ವೈನ್ ಸಹವಾಸಕ್ಕೆ ಹೊಸಬರಿರಬೇಕು. ಅವರಿಗೂ ಕಾಲ ಬರುತ್ತದೆ.

ಇಂಥ ಕೂಟಗಳಲ್ಲಿ ನಾನು ಬಹಳ ದಿನಗಳಿಂದ ಗಮನಿಸುತ್ತಾ ಬಂದದ್ದೊಂದಿದೆ. ಮೊದಲ ಲೋಟದ ಹೊತ್ತಿಗೆ ಮಾತು ಲೋಟದಲ್ಲಿರುವ ವೈನ್ ಬಗ್ಗೆ ನಡೆಯುತ್ತದೆ. ಎರಡನೆಯ ಲೋಟಕ್ಕೆ ಹಿಂದೆಂದೋ ಕುಡಿದ ವೈನ್‌ಗಳು ಬರುತ್ತವೆ. ಮೂರನೆಯದು ತುಂಬುವಷ್ಟರಲ್ಲಿ ಎಂದೂ ಕುಡಿಯದೇ ಹೋದ ವೈನ್‌ಗಳ ಸರದಿ. ಆಗ ದನಿ ತಗ್ಗುತ್ತದೆ, ಕುರ್ಚಿಗಳು ಹತ್ತಿರ ಸರಿಯುತ್ತವೆ. "ಆ ದಿನ ನನ್ನ ಕೈಯಲ್ಲೇ ಇತ್ತು, ಮತ್ತೆ ಕಪಾಟಿನಲ್ಲಿಟ್ಟು ಬಂದೆ" ಎಂದು ಒಬ್ಬರು ಹೇಳಿದರೆ, ಸುತ್ತ ಕುಳಿತವರು ಸಾವಿನ ಮನೆಯಲ್ಲಿ ತಲೆಯಾಡಿಸುವಂತೆ ತಲೆಯಾಡಿಸುತ್ತಾರೆ. ಕುಡಿದ ಒಳ್ಳೆಯ ವೈನ್ ಬಗ್ಗೆ ಹೇಳಿದವರಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಕೈಗೆಟುಕದ ದ್ರಾಕ್ಷಿ ಹುಳಿ ಎಂದ ನರಿಯ ಕಥೆ ನಮಗೆಲ್ಲ ಗೊತ್ತು. ಆ ನರಿ ವೈನ್ ಕುಡಿಯುತ್ತಿರಲಿಲ್ಲ ಎಂದು ನನ್ನ ಗುಮಾನಿ. ವೈನ್ ಪ್ರಿಯರಲ್ಲಿ ಕಥೆ ತಿರುಗುಮುರುಗು: ಎಟುಕದೇ ಹೋದ ದ್ರಾಕ್ಷಿಯಷ್ಟು ಸಿಹಿಯಾದದ್ದು ಇನ್ನೊಂದಿಲ್ಲ. ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕರೆಯುತ್ತಿತ್ತು ಎಂದು ಹೇಳಿಕೊಳ್ಳುವವರ ಸಾಲಿಗೆ ನಾವು ಸೇರಿದವರು.

ನನ್ನ ಎಮ್ಮೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಕೊನೆಯಲ್ಲಿ ಕೇಳುತ್ತೀರಿ. 1989ರ ಕೊಯ್ಲಿನ ಶಾತೊ ಓ-ಬ್ರಿಯೋಂ, ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ಹೆಸರಾಂತ ಕೆಂಪು ವೈನ್. ಹಿರಿಯ ಗೆಳೆಯರೊಬ್ಬರು ವೈದ್ಯರ ಮಾತಿಗೆ ಕಟ್ಟುಬಿದ್ದು ಕುಡಿಯುವುದನ್ನು ಬಿಟ್ಟರು. ತಮ್ಮಲ್ಲಿದ್ದ ಬಾಟಲಿಗಳನ್ನು ತಾವು ಕೊಂಡ ಬೆಲೆಗೇ ಹಂಚುತ್ತಿದ್ದರು. ಈ ಓ-ಬ್ರಿಯೋಂ ಮೂರು ಬಾಟಲಿ ಇದ್ದವು. "ತೆಗೆದುಕೊಂಡು ಹೋಗಯ್ಯಾ" ಎಂದರು. ಮುಂದಿನ ತಿಂಗಳು ಬರುತ್ತೇನೆ ಎಂದೆ. ಹೋಗಲಿಲ್ಲ, ಹೋದದ್ದು ಐದು ತಿಂಗಳ ನಂತರ. ಆ ಹೊತ್ತಿಗೆ ಕಪಾಟಿನಲ್ಲಿ ಬಾಟಲಿಗಳು ಇದ್ದ ಜಾಗದಲ್ಲಿ ಧೂಳಿನ ಮೂರು ದುಂಡನೆಯ ಗುರುತುಗಳಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಇಲ್ಲಿ ಕೈಯನ್ನು ಚಾಚಲೂ ಇಲ್ಲ.

ಈಗ ವಿಷಯಕ್ಕೆ ಬರೋಣ. ಕೈತಪ್ಪಿದ್ದಕ್ಕೆ ಮರುಗುವುದು ಎಲ್ಲ ಹವ್ಯಾಸಗಳಲ್ಲೂ ಇದೆ. ಅಂಚೆಚೀಟಿ ಕೂಡಿಡುವವರು ಮರುಗುತ್ತಾರೆ, ಹಳೆಯ ಗಡಿಯಾರಗಳ ಹುಚ್ಚು ಹಿಡಿದವರೂ ಮರುಗುತ್ತಾರೆ. ಆದರೆ ಗಡಿಯಾರ ಇನ್ನೊಬ್ಬರ ಮಣಿಕಟ್ಟಿನ ಮೇಲಾದರೂ ಉಳಿದಿರುತ್ತದೆ, ನಾಳೆ ಮಾರಾಟಕ್ಕೆ ಬಂದೀತು. ವೈನ್ ಹಾಗಲ್ಲ. ಒಂದು ತೋಟದ ಒಂದು ವರ್ಷದ ಬೆಳೆ ಒಂದೇ ಸಲ ಬಾಟಲಿಗೆ ಇಳಿಯುತ್ತದೆ. ಆ ದಿನದಿಂದ ಅದರ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ, ಏಕೆಂದರೆ ಅದನ್ನು ಮೆಚ್ಚುವವರು ಮೆಚ್ಚುಗೆ ತೋರಿಸುವುದೇ ಅದನ್ನು ಇಲ್ಲವಾಗಿಸುವ ಮೂಲಕ.

ಇದಕ್ಕೆ 1945ರ ರೊಮಾನೆ-ಕೋಂಟಿಗಿಂತ ತೀಕ್ಷ್ಣವಾದ ಉದಾಹರಣೆ ನನಗೆ ಗೊತ್ತಿಲ್ಲ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಈ ತೋಟ ಎರಡು ಹೆಕ್ಟೇರಿಗಿಂತಲೂ ಚಿಕ್ಕದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ನುಂಗಿಹಾಕಿದಾಗ ಹೆಚ್ಚಿನವರು ಅಮೆರಿಕದ ಬೇರಿನ ಮೇಲೆ ತಮ್ಮ ಬಳ್ಳಿಗಳನ್ನು ಕಸಿಮಾಡಿಕೊಂಡು ಬದುಕಿದರು. ಈ ತೋಟದವರು ಮಾತ್ರ ತಮ್ಮ ಹಳೆಯ ಬಳ್ಳಿಗಳನ್ನು ಸ್ವಂತ ಬೇರಿನ ಮೇಲೆಯೇ ಹೇಗೋ ಕಾಪಾಡಿಕೊಂಡು ಬಂದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬಳ್ಳಿಗಳಲ್ಲಿ ಜೀವ ಉಳಿದಿರಲಿಲ್ಲ. 1945ರ ಕೊಯ್ಲಿನಲ್ಲಿ ಸಿಕ್ಕಿದ್ದು ಸುಮಾರು 600 ಬಾಟಲಿಗಳಿಗೆ ಸಾಲುವಷ್ಟು ರಸ. ಅದಾದ ಮೇಲೆ ಬಳ್ಳಿಗಳನ್ನು ಕಿತ್ತು ಹೊಸದಾಗಿ ನೆಟ್ಟರು. 1946ರಿಂದ 1951ರವರೆಗೆ ರೊಮಾನೆ-ಕೋಂಟಿ ಎಂಬ ವೈನೇ ಇಲ್ಲ. 2018ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ 1945ರ ಒಂದು ಬಾಟಲಿ 5,58,000 ಡಾಲರಿಗೆ ಹೋಯಿತು. ಆ 600ರಲ್ಲಿ ಹೆಚ್ಚಿನವನ್ನು ಯಾರೋ ಯಾವುದೋ ಸಾಮಾನ್ಯ ರಾತ್ರಿ ಊಟದ ಜೊತೆ ಕುಡಿದು ಮುಗಿಸಿದ್ದಾರೆ ಎಂದು ನೆನೆದಾಗ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ, ಒಂದು ಬಗೆಯ ಸಮಾಧಾನವೇ ಆಗುತ್ತದೆ. ಸರಿಯಾದ ಕೆಲಸ ಮಾಡಿದವರು ಅವರು.

ಆದರೆ ರೊಮಾನೆ-ಕೋಂಟಿ ಕೈತಪ್ಪಿತು ಎಂದು ನಾವು ಯಾರೂ ಅಳುವುದಿಲ್ಲ. ಅದು ನಮ್ಮ ಕೈಗೆ ಬರುವ ಸಾಧ್ಯತೆಯೇ ಇರಲಿಲ್ಲ. ಅಳು ಬರುವುದು, ಕೂದಲೆಳೆಯಲ್ಲಿ ತಪ್ಪಿದ್ದಕ್ಕೆ. ಆ ಬಗೆಯ ಅಳುವಿನ ರಾಜಧಾನಿ ಬೋರ್ಡೊ, ಅದರ ವರ್ಷ 1982.

ಬೋರ್ಡೊದಲ್ಲಿ ವೈನ್ ಮಾರುವ ಪದ್ಧತಿಯೇ ಪಶ್ಚಾತ್ತಾಪಕ್ಕೆ ಹೇಳಿಮಾಡಿಸಿದಂತಿದೆ. ಶರತ್ಕಾಲದಲ್ಲಿ ಕೊಯ್ಲು ಮುಗಿಯುತ್ತದೆ. ಮುಂದಿನ ವಸಂತದಲ್ಲಿ, ವೈನ್ ಇನ್ನೂ ಪೀಪಾಯಿಯಲ್ಲಿ ಎಳಸಾಗಿ ಕುಳಿತಿರುವಾಗಲೇ, ವ್ಯಾಪಾರಿಗಳೂ ವಿಮರ್ಶಕರೂ ಬಂದು ರುಚಿ ನೋಡುತ್ತಾರೆ. ಆಮೇಲೆ ಬೆಲೆ ಹೊರಬೀಳುತ್ತದೆ. ಕೊಳ್ಳುವವರು ಆಗಲೇ ಹಣ ಕಟ್ಟಬೇಕು. ಬಾಟಲಿ ಕೈಸೇರುವುದು ಒಂದೂವರೆ ಎರಡು ವರ್ಷಗಳ ನಂತರ. ಇದನ್ನು ಅವರು ಆಂ ಪ್ರಿಮ್ಯೂರ್ ಎನ್ನುತ್ತಾರೆ. ಹುಟ್ಟಿದ ಮಗುವಿನ ಕಾಲು ನೋಡಿ ಓಟಗಾರನೋ ಅಲ್ಲವೋ ಎಂದು ಪಣ ಕಟ್ಟುವ ವ್ಯವಹಾರ ಇದು.

1983ರ ವಸಂತದಲ್ಲಿ 1982ರ ವೈನ್‌ಗಳ ರುಚಿ ನೋಡಿದವರಲ್ಲಿ ಅಭಿಪ್ರಾಯಭೇದವಿತ್ತು. ಆ ಬೇಸಿಗೆ ಬಿಸಿಯಾಗಿತ್ತು, ಹಣ್ಣು ಚೆನ್ನಾಗಿ ಮಾಗಿತ್ತು, ವೈನ್ ಎಳಸಿನಲ್ಲೇ ಕುಡಿಯುವಷ್ಟು ಮೃದುವಾಗಿತ್ತು. ಇಷ್ಟು ಬೇಗ ರುಚಿಯಾಗಿರುವುದು ಬಹುಕಾಲ ಬಾಳುವುದಿಲ್ಲ ಎಂಬುದು ಹಳಬರ ನಂಬಿಕೆ. ಅಮೆರಿಕದಲ್ಲಿ ಆಗ ಹೆಸರಾಗಿದ್ದ ವಿಮರ್ಶಕ ರಾಬರ್ಟ್ ಫಿನಿಗನ್ ಅನುಮಾನ ತೋರಿಸಿದರು. ಐದು ವರ್ಷಗಳ ಹಿಂದಷ್ಟೇ ತಮ್ಮದೇ ಪತ್ರಿಕೆ ಶುರುಮಾಡಿದ್ದ ರಾಬರ್ಟ್ ಪಾರ್ಕರ್ ಎಂಬ ವಕೀಲರು ಮಾತ್ರ ಇದು ಮಹಾನ್ ವರ್ಷ, ಕೊಳ್ಳಿ ಎಂದು ಒತ್ತಿ ಬರೆದರು. ಪಾರ್ಕರ್ ಗೆದ್ದರು, ಮುಂದಿನ ಮೂವತ್ತು ವರ್ಷ ಅವರ ನೂರು ಅಂಕಗಳ ಅಳತೆಕೋಲು ವೈನ್ ಪೇಟೆಯನ್ನು ಆಳಿತು. ಆಗ ಡಾಲರ್ ಬಲವಾಗಿತ್ತು, ಫ್ರಾಂಕ್ ಸೊರಗಿತ್ತು. ಅಮೆರಿಕದಲ್ಲಿ ಸಾಧಾರಣ ಸಂಬಳದ ಮೇಷ್ಟರೂ ಒಂದು ಪೆಟ್ಟಿಗೆ ದೊಡ್ಡ ಹೆಸರಿನ ವೈನ್ ಕೊಳ್ಳಬಹುದಾಗಿದ್ದ ಕಾಲ ಅದು. ಮತ್ತೆ ಅಂಥ ಕಾಲ ಬರಲಿಲ್ಲ.

1982 ತಪ್ಪಿಸಿಕೊಂಡವರ ಮಾತನ್ನು ನೀವು ಎಲ್ಲೋ ಓದಿರುತ್ತೀರಿ, ಕೇಳಿರುತ್ತೀರಿ. "ಕೊಳ್ಳಬಹುದಿತ್ತು, ದಡ್ಡತನ ಮಾಡಿದೆ" ಎಂಬುದು ಅದರ ಪಲ್ಲವಿ. ನಾನು ಇದನ್ನು ಒಪ್ಪುವುದಿಲ್ಲ. 1983ರಲ್ಲಿ ಫಿನಿಗನ್ ಅವರನ್ನು ನಂಬಿದ್ದು ದಡ್ಡತನವಾಗಿರಲಿಲ್ಲ. ಅವರು ಅನುಭವಸ್ಥರು, ಪಾರ್ಕರ್ ಹೊಸಬರು. ಹಳೆಯ ಲೆಕ್ಕದ ಪ್ರಕಾರ ಅವರ ಅನುಮಾನಕ್ಕೆ ಆಧಾರವಿತ್ತು. ಗೊತ್ತಿದ್ದ ವಿಷಯದ ಮೇಲೆ ಸರಿಯಾಗಿ ತೀರ್ಮಾನಿಸಿದವರನ್ನು, ಆಮೇಲೆ ಗೊತ್ತಾದ ವಿಷಯದ ಮೇಲೆ ದಂಡಿಸುವುದು ಯಾವ ನ್ಯಾಯ? ಆದರೆ ಪಶ್ಚಾತ್ತಾಪದ ಕಟಕಟೆಯಲ್ಲಿ ವಾದಿ, ಪ್ರತಿವಾದಿ, ನ್ಯಾಯಾಧೀಶ ಮೂವರೂ ನಾವೇ. ಅಲ್ಲಿ ಸಾಕ್ಷ್ಯದ ನಿಯಮಗಳು ನಡೆಯುವುದಿಲ್ಲ.

ಇನ್ನೊಂದು ಮಗ್ಗುಲನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ತಪ್ಪಿಸಿಕೊಂಡು ಬದುಕಿದವರೂ ಇದ್ದಾರೆ. ಬೋರ್ಡೊಗೆ 2009 ಮತ್ತು 2010, ಎರಡೂ ನಿಜಕ್ಕೂ ಒಳ್ಳೆಯ ವರ್ಷಗಳೇ. ಆದರೆ ಆಗ ಕೇಳಿದ ಬೆಲೆ ಆಕಾಶದಲ್ಲಿತ್ತು. ಚೀನಾದ ಶ್ರೀಮಂತರು ಬೋರ್ಡೊದ ಲಾಫಿತ್ ಎಂಬ ವೈನ್ ಹೆಸರಿಗೆ ಮರುಳಾಗಿದ್ದ ದಿನಗಳು. 2008ರ ಲಾಫಿತ್ ಬಾಟಲಿಗಳ ಮೇಲೆ ಚೀನೀ ಲಿಪಿಯ 8ನ್ನು ಮೂಡಿಸುತ್ತೇವೆ ಎಂದು 2010ರ ಅಕ್ಟೋಬರಿನಲ್ಲಿ ಘೋಷಿಸಿದ್ದೇ ತಡ, ಒಳಗಿನ ವೈನ್ ಒಂದು ಹನಿಯೂ ಬದಲಾಗದೆ ಬೆಲೆ ಜಿಗಿಯಿತು. ಎಂಟು ಅಲ್ಲಿ ಶುಭದ ಅಂಕಿ. 2011ರ ನಂತರ ಆ ಗುಳ್ಳೆ ಒಡೆಯಿತು. ಪೀಪಾಯಿಯಲ್ಲಿದ್ದಾಗಲೇ ಹಣ ಕಟ್ಟಿದ್ದ ಎಷ್ಟೋ ಮಂದಿಗೆ, ಬಾಟಲಿ ಕೈಸೇರಿ ವರ್ಷಗಳು ಕಳೆದ ಮೇಲೂ, ಅದೇ ವೈನ್ ಪೇಟೆಯಲ್ಲಿ ತಾವು ಕೊಟ್ಟದ್ದಕ್ಕಿಂತ ಕಡಿಮೆಗೆ ಸಿಗುತ್ತಿತ್ತು. "2010ರ ಲಾಫಿತ್ ಕೊಳ್ಳದೆ ಬಚಾವಾದೆ" ಎಂದು ಮೂರನೆಯ ಲೋಟದ ಹೊತ್ತಿಗೆ ದನಿ ತಗ್ಗಿಸಿ ಹೇಳಿದವರನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದೇ ಕಡೆಯ ಪುಟ ತುಂಬುತ್ತಾ ಹೋಗುತ್ತದೆ.

ಹೀಗೇಕೆ ಎಂದು ಮನಶ್ಶಾಸ್ತ್ರಜ್ಞರು ಯೋಚಿಸಿದ್ದಾರೆ. ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1994ರಲ್ಲಿ ಪ್ರಕಟಿಸಿದ ಸಂಶೋಧನೆಯ ಸಾರ ಇಷ್ಟು: ಮಾಡಿದ ತಪ್ಪು ಆ ಕ್ಷಣಕ್ಕೆ ಹೆಚ್ಚು ಚುಚ್ಚುತ್ತದೆ, ಮಾಡದೇ ಬಿಟ್ಟದ್ದು ಬಹುಕಾಲ ಕಾಡುತ್ತದೆ. ದುಡ್ಡು ಕೊಟ್ಟು ಕೊಂಡ ಕೆಟ್ಟ ಬಾಟಲಿಯನ್ನು ಬೈದು, ಸಿಂಕಿಗೆ ಸುರಿದು, ಗೆಳೆಯರೊಡನೆ ನಕ್ಕು ಮುಗಿಸುತ್ತೇವೆ. ಕೊಳ್ಳದ ಬಾಟಲಿಯನ್ನು ಸುರಿಯುವುದು ಎಲ್ಲಿಗೆ? ಅದಕ್ಕೆ ಮುಕ್ತಾಯವೇ ಇಲ್ಲ. ಪ್ರತಿ ವರ್ಷ ಅದು ಮನಸ್ಸಿನಲ್ಲೇ ಮಾಗುತ್ತದೆ, ಸುವಾಸನೆ ಕೂಡಿಸಿಕೊಳ್ಳುತ್ತದೆ. ಅದರ ಬಿರಡೆ ಒಣಗುವುದಿಲ್ಲ, ತಳದಲ್ಲಿ ಗಸಿ ನಿಲ್ಲುವುದಿಲ್ಲ.

ಓರಿಟ್ ಟಿಕೊಚಿನ್ಸ್ಕಿ ಮತ್ತು ಸಂಗಡಿಗರು 1995ರಲ್ಲಿ ಗುರುತಿಸಿದ್ದು ಇನ್ನೂ ಕುತೂಹಲಕರ. ಒಂದು ಒಳ್ಳೆಯ ಅವಕಾಶ ತಪ್ಪಿತು ಎನ್ನಿ. ಆಮೇಲೆ ಅದೇ ಬಗೆಯ, ಆದರೆ ಅಷ್ಟು ಲಾಭದಾಯಕವಲ್ಲದ ಇನ್ನೊಂದು ಅವಕಾಶ ಬರುತ್ತದೆ. ಅದೂ ಕೊಳ್ಳಲು ಯೋಗ್ಯವೇ. ಆದರೂ ಜನ ಅದನ್ನು ಬಿಡುತ್ತಾರೆ, ಏಕೆಂದರೆ ಕೊಂಡರೆ ಮೊದಲನೆಯದನ್ನು ಬಿಟ್ಟದ್ದು ತಪ್ಪು ಎಂದು ಒಪ್ಪಿಕೊಂಡಂತೆ. ನಲವತ್ತಕ್ಕೆ ಸಿಗುತ್ತಿದ್ದುದನ್ನು ಬಿಟ್ಟವನು ಅರವತ್ತಕ್ಕೆ ಕೊಳ್ಳುವುದಿಲ್ಲ, ಅರವತ್ತಕ್ಕೆ ಬಿಟ್ಟವನು ನೂರಕ್ಕೆ ಕೊಳ್ಳುವುದಿಲ್ಲ, ಇನ್ನೂರಾದಾಗ ಗೆಳೆಯರ ಮುಂದೆ ಕಥೆ ಹೇಳುತ್ತಾನೆ. ನಾನು ಓ-ಬ್ರಿಯೋಂ ವಿಷಯದಲ್ಲಿ ಮಾಡಿದ್ದು ಅಕ್ಷರಶಃ ಇದನ್ನೇ. ಮೂರು ಬಾಟಲಿ ತಪ್ಪಿದ ಎರಡು ವರ್ಷಗಳ ನಂತರ ಒಂದು ಬಾಟಲಿ ಸ್ವಲ್ಪ ಹೆಚ್ಚಿನ ಬೆಲೆಗೆ ಸಿಕ್ಕಿತ್ತು. ಛೆ, ಆಗ ಅಷ್ಟಕ್ಕೆ ಬರುತ್ತಿತ್ತಲ್ಲ ಎಂದು ಮುಖ ತಿರುಗಿಸಿ ಬಂದೆ. ಒಂದೇ ವೈನನ್ನು ಎರಡು ಸಲ ಕಳೆದುಕೊಳ್ಳುವುದಕ್ಕೆ ವಿಶೇಷ ಪ್ರತಿಭೆ ಬೇಕು.

ಇನ್ನೊಂದು ಬಾಟಲಿಯ ಕಥೆ ಅರ್ಥಶಾಸ್ತ್ರದ ಪಾಠಗಳಲ್ಲಿ ಬರುತ್ತದೆ. ವೈನ್ ಪ್ರಿಯರಾದ ಅರ್ಥಶಾಸ್ತ್ರಜ್ಞರೊಬ್ಬರು ಬಹಳ ಹಿಂದೆ ಹತ್ತು ಡಾಲರಿಗೆ ಕೊಂಡಿದ್ದ ಬೋರ್ಡೊ ಬಾಟಲಿಗಳು ಹರಾಜಿನಲ್ಲಿ ಇನ್ನೂರು ಡಾಲರ್ ಮುಟ್ಟಿದವು. ಅವರು ಆಗೊಮ್ಮೆ ಈಗೊಮ್ಮೆ ಅವುಗಳಲ್ಲೊಂದನ್ನು ತೆರೆದು ಕುಡಿಯುತ್ತಿದ್ದರು. ಇನ್ನೂರಕ್ಕೆ ಮಾರಲು ಒಪ್ಪಲಿಲ್ಲ, ಇನ್ನೂರು ಕೊಟ್ಟು ಇನ್ನೊಂದನ್ನು ಕೊಳ್ಳಲೂ ಒಪ್ಪಲಿಲ್ಲ. ಕಾಹ್ನೆಮನ್, ನೆಟ್ಷ್ ಮತ್ತು ಥೇಲರ್ 1991ರಲ್ಲಿ ಇದನ್ನು ಬರೆದರು, ಮನುಷ್ಯನ ಅಸಂಗತತೆಗೆ ಮಾದರಿಯಾಗಿ. ಕೈಯಲ್ಲಿರುವುದಕ್ಕೆ ನಾವು ಹೆಚ್ಚು ಬೆಲೆ ಕಟ್ಟುತ್ತೇವೆ ಎಂಬುದು ಅವರ ವಾದ. ನನಗೇನೋ ಆ ಮನುಷ್ಯ ಅಷ್ಟೇನೂ ಅಸಂಗತ ಎನಿಸುವುದಿಲ್ಲ. ಬೆಲೆಯ ಹಂಗಿಲ್ಲದೆ ಕುಡಿಯುವ ಒಂದೇ ದಾರಿಯನ್ನು ಆತ ಕಂಡುಕೊಂಡಿದ್ದ. ಥೇಲರ್ ಅವರೇ ಎಲ್ಡಾರ್ ಶಫೀರ್ ಜೊತೆಗೂಡಿ ಆಮೇಲೆ ವೈನ್ ಸಂಗ್ರಾಹಕರನ್ನು ಕೇಳಿದ್ದರು: ಇಪ್ಪತ್ತು ಡಾಲರಿಗೆ ಕೊಂಡ ಬಾಟಲಿ ಈಗ ಎಪ್ಪತ್ತೈದು ಬೆಲೆಬಾಳುತ್ತದೆ, ಅದನ್ನು ಇಂದು ಕುಡಿದರೆ ನಿಮಗೆ ತಗಲಿದ ಖರ್ಚೆಷ್ಟು? ಎಪ್ಪತ್ತೈದು ಎಂಬ ಶಾಸ್ತ್ರೋಕ್ತ ಉತ್ತರ ಕೊಟ್ಟವರು ಐದರಲ್ಲಿ ಒಬ್ಬರು. ಅರ್ಧಕ್ಕಿಂತ ಹೆಚ್ಚು ಮಂದಿ ಏನೂ ಖರ್ಚಿಲ್ಲ, ಇಲ್ಲವೇ ಲಾಭವೇ ಆಯಿತು ಎಂದರು! ಕೊಂಡವರಿಗೆ ಕುಡಿಯುವುದು ಪುಕ್ಕಟೆ, ಕೊಳ್ಳದವರಿಗೆ ಕುಡಿಯದಿರುವುದು ದುಬಾರಿ.

ಇನ್ನು ರುಚಿಯ ಮಾತು. ತಪ್ಪಿಹೋದ ಬಾಟಲಿ ಆಗ ಕೈಗೆ ಸಿಕ್ಕಿದ್ದರೂ ನಮಗೆ ಅದು ದಕ್ಕುತ್ತಿತ್ತೇ? ಆಸ್ಟ್ರೇಲಿಯದ ಪೆನ್‌ಫೋಲ್ಡ್ಸ್ ಸಂಸ್ಥೆಯ ವೈನ್ ತಯಾರಕ ಮ್ಯಾಕ್ಸ್ ಶೂಬರ್ಟ್ 1950ರಲ್ಲಿ ಯುರೋಪಿಗೆ ಹೋಗಿದ್ದರು. ಬೋರ್ಡೊದಲ್ಲಿ ನಲವತ್ತು ಐವತ್ತು ವರ್ಷ ಹಳೆಯ, ಇನ್ನೂ ಜೀವಂತವಾಗಿದ್ದ ವೈನ್‌ಗಳ ರುಚಿ ನೋಡಿ ಬೆರಗಾಗಿ ಮರಳಿದರು. ತಮ್ಮಲ್ಲಿ ಸಿಗುವ ಶಿರಾಜ್ ದ್ರಾಕ್ಷಿಯಿಂದ ಅಂಥದ್ದನ್ನು ಮಾಡಬೇಕೆಂದು ಹೊರಟು 1951ರಲ್ಲಿ ಪ್ರಯೋಗವಾಗಿ ಗ್ರೇಂಜ್ ಎಂಬ ವೈನನ್ನು ಮೊದಲ ಸಲ ಮಾಡಿದರು. ಕೆಲವು ವರ್ಷಗಳ ನಂತರ ಸಂಸ್ಥೆಯ ಹಿರಿಯರಿಗೂ ವೈನ್ ಬಲ್ಲವರಿಗೂ ರುಚಿ ತೋರಿಸಿದಾಗ ಆದದ್ದು ಅವಮಾನ. ಯಾರೋ ಒಬ್ಬರು ಅದರಲ್ಲಿ ಕಾಡುಹಣ್ಣುಗಳ ಜೊತೆ ಅರೆದ ಇರುವೆಯ ರುಚಿ ಕಂಡರು. ಇನ್ನೊಬ್ಬರು, ಬುದ್ಧಿ ನೆಟ್ಟಗಿರುವ ಯಾರೂ ಇದನ್ನು ಕೊಳ್ಳುವುದಿಲ್ಲ, ಕುಡಿಯುವ ಮಾತಂತೂ ದೂರವೇ ಉಳಿಯಿತು ಎಂದು ಅಭಿನಂದಿಸಿದರು. 1957ರ ಕೊಯ್ಲಿಗೆ ಮೊದಲು ನಿಲ್ಲಿಸು ಎಂಬ ಆಜ್ಞೆ ಬಂತು.

ಶೂಬರ್ಟ್ ನಿಲ್ಲಿಸಲಿಲ್ಲ. 1957, 58, 59ರ ಗ್ರೇಂಜನ್ನು ಮುಖ್ಯ ಕಚೇರಿಯ ಕಣ್ಣುತಪ್ಪಿಸಿ ಮಾಡಿದರು. ಹೊಸ ಓಕ್ ಪೀಪಾಯಿಗಳಿಗೆ ದುಡ್ಡು ಕೇಳುವಂತಿರಲಿಲ್ಲ, ಹಾಗಾಗಿ ಹಳೆಯವುಗಳಲ್ಲೇ ಸುಧಾರಿಸಿಕೊಂಡರು. ಅಷ್ಟರಲ್ಲಿ ಮೊದಲ ವರ್ಷಗಳ ಬಾಟಲಿಗಳು ಕತ್ತಲಲ್ಲಿ ಕುಳಿತು ಮೆದುವಾಗಿದ್ದವು. ಅದೇ ಜನ ಮತ್ತೆ ರುಚಿ ನೋಡಿ ಮತ್ತೆ ಶುರುಮಾಡು ಎಂದರು. 1955ರ ಗ್ರೇಂಜ್ 1962ರಲ್ಲಿ ಸಿಡ್ನಿಯ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿತು. ಈಗ 1951ರ ಒಂದು ಬಾಟಲಿ ಹರಾಜಿಗೆ ಬಂದರೆ ಅದು ಪತ್ರಿಕೆಗಳಲ್ಲಿ ಸುದ್ದಿ.

ಮೊದಲ ಸಲ ಮೂಗು ಮುರಿದ ಆ ಮಹನೀಯರನ್ನು ನೋಡಿ ನಗುವುದು ಸುಲಭ. ಆದರೆ ಆ ಕೋಣೆಯಲ್ಲಿ ನಾನಿದ್ದಿದ್ದರೆ ಇರುವೆಯ ಮಾತು ನನ್ನ ಬಾಯಿಂದಲೇ ಬರುತ್ತಿತ್ತೇನೋ. ಇಪ್ಪತ್ತೈದರ ವಯಸ್ಸಿನಲ್ಲಿ ನನಗೆ ಸಿಹಿಯಿಲ್ಲದ ವೈನ್ ಎಂದರೆ ಶಿಕ್ಷೆ. ಆಗ ಯಾರಾದರೂ ಹಳೆಯ ಬರ್ಗಂಡಿ ಸುರಿದುಕೊಟ್ಟಿದ್ದರೆ, ಒದ್ದೆ ಎಲೆಯ ವಾಸನೆ ಬರುತ್ತಿದೆ ಎಂದು ಪಕ್ಕಕ್ಕಿಡುತ್ತಿದ್ದೆ. ಈಗ ಆ ಒದ್ದೆ ಎಲೆಗಾಗಿಯೇ ಅಲೆಯುತ್ತೇನೆ. ಕಳೆದುಕೊಂಡೆ ಎನ್ನುವ ಎಷ್ಟೋ ಬಾಟಲಿಗಳ ಕಾಲಕ್ಕೆ ನನ್ನ ಬಾಯಿ ಇನ್ನೂ ಹುಟ್ಟಿರಲಿಲ್ಲ.

ವೈನ್ ಮಾಡುವವರು ಕೈಬಿಟ್ಟುಹೋದಾಗ ಆಗುವ ನಷ್ಟ ಬೇರೆಯೇ ಜಾತಿಯದು. ಬರ್ಗಂಡಿಯ ವೋನ್-ರೊಮಾನೆ ಊರಿನ ಆನ್ರಿ ಜಾಯೆ, ಯುದ್ಧಕಾಲದಲ್ಲಿ ಗೆಡ್ಡೆ ಬೆಳೆಯುತ್ತಿದ್ದ ಕ್ರೋ ಪಾರಾಂತು ಎಂಬ ಕಲ್ಲುನೆಲವನ್ನು ಸಿಡಿಮದ್ದಿಟ್ಟು ಒಡೆದು ದ್ರಾಕ್ಷಿ ನೆಟ್ಟರು. ಒಂದು ಹೆಕ್ಟೇರಿನ ಆಸುಪಾಸಿನ ತುಂಡು ಅದು. ಅದರ ಹೆಸರಿನಲ್ಲೇ ಮೊದಲ ಬಾಟಲಿ ಬಂದದ್ದು 1978ರಲ್ಲಿ. ಜಾಯೆ 2006ರಲ್ಲಿ ತೀರಿಕೊಂಡರು. ಫ್ರಾನ್ಸಿನದೇ ಕೋತ್-ರೋತಿ ಎಂಬಲ್ಲಿನ ಕಡಿದಾದ ಇಳಿಜಾರಿನಲ್ಲಿ ತುಸುವೇ ತುಸು ವೈನ್ ಮಾಡುತ್ತಿದ್ದ ಮಾರಿಯುಸ್ ಜಾಂತಾ 1993ರ ಕೊಯ್ಲಿನ ನಂತರ ನಿವೃತ್ತರಾದರು. ನೆಲ ಅಲ್ಲೇ ಇದೆ, ಬಳ್ಳಿಯಲ್ಲಿ ಹಣ್ಣು ಬಿಡುತ್ತಲೂ ಇದೆ. ಕೈ ಮಾತ್ರ ಇಲ್ಲ. ಇವರಿಬ್ಬರ ವೈನ್ ಒಂದು ಕಾಲಕ್ಕೆ ಹೋಗಿ ಬಾಗಿಲು ತಟ್ಟಿದವರಿಗೆ ಸಿಗುತ್ತಿತ್ತು. ಈ ಪಶ್ಚಾತ್ತಾಪವನ್ನು ಮಾತ್ರ ನಾನು ಗೇಲಿ ಮಾಡಲಾರೆ.

ಹರಾಜಿನಲ್ಲಿ ಸೋತವರ ದುಃಖಕ್ಕೆ ಬರೋಣ. 2008ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಒಂದು ಹರಾಜಿನ ಪಟ್ಟಿಯಲ್ಲಿ ಬರ್ಗಂಡಿಯ ಪೋನ್ಸೊ ಮನೆತನದ ಕ್ಲೊ ಸಾಂ-ದೆನಿ ವೈನ್‌ಗಳಿದ್ದವು, 1945ರಿಂದ 1971ರವರೆಗಿನ ಹಲವು ವರ್ಷಗಳವು. ನೋಡಿದವರ ಬಾಯಲ್ಲಿ ನೀರೂರಿತು. ಒಂದೇ ತೊಡಕೆಂದರೆ, ಆ ಮನೆತನ ಕ್ಲೊ ಸಾಂ-ದೆನಿ ವೈನ್ ಮಾಡಲು ಶುರುಮಾಡಿದ್ದೇ 1982ರಲ್ಲಿ. ಮನೆತನದ ಯಜಮಾನ ಲೊರಾಂ ಪೋನ್ಸೊ ಸ್ವತಃ ವಿಮಾನ ಹತ್ತಿ ಹರಾಜಿಗೆ ಬಂದು ಕುಳಿತರು, ಆ ಬಾಟಲಿಗಳನ್ನು ಹಿಂದಕ್ಕೆ ತೆಗೆಯಲಾಯಿತು. ಅವುಗಳನ್ನು ಹರಾಜಿಗೆ ಕೊಟ್ಟಿದ್ದ ವೈನ್ ಸಂಗ್ರಾಹಕ ರೂಡಿ ಕುರ್ನಿಯಾವಾನ್ 2012ರಲ್ಲಿ ಬಂಧನಕ್ಕೊಳಗಾದ. ಅವನ ಮನೆಯೇ ಖೋಟಾ ವೈನಿನ ಕಾರ್ಖಾನೆಯಾಗಿತ್ತು. ಲೇಬಲ್, ಬಿರಡೆ, ಹಳೆಯ ಬಾಟಲಿ ಎಲ್ಲವೂ ಅಲ್ಲಿದ್ದವು. 2014ರಲ್ಲಿ ಹತ್ತು ವರ್ಷ ಸೆರೆಯಾಯಿತು.

ಈಗ ನೋಡಿ, ಅದಕ್ಕೂ ಹಿಂದಿನ ವರ್ಷಗಳಲ್ಲಿ ಅದೇ ಮನುಷ್ಯನ ಬಾಟಲಿಗಳಿಗೆ ಕೂಗಿ, ಕೊನೆಯ ಗಳಿಗೆಯಲ್ಲಿ ಇನ್ನೊಬ್ಬರಿಗೆ ಸೋತು, ಆ ರಾತ್ರಿ ನಿದ್ದೆಗೆಟ್ಟವರು ಎಷ್ಟು ಮಂದಿಯೋ! ಅವರು ಕಳೆದುಕೊಂಡದ್ದು ಅಡುಗೆಮನೆಯಲ್ಲಿ ಬೆರೆಸಿದ ಕಷಾಯವನ್ನು. ಗೆದ್ದವರು ಅದನ್ನು ಮನೆಗೆ ಕೊಂಡೊಯ್ದರು, ಕೆಲವರು ಗೆಳೆಯರಿಗೆ ಸುರಿದು ಹೊಗಳಿಸಿಕೊಂಡೂ ಇದ್ದಾರು.

ಹರಾಜಿನ ಮಾತಿಗೆ ಇನ್ನೊಂದು ನೆನಪಾಯಿತು, ವಿಷಯಕ್ಕೆ ಪೂರ್ತಿ ಸೇರದಿದ್ದರೂ ಹೇಳದಿರಲಾರೆ. 1989ರಲ್ಲಿ ನ್ಯೂಯಾರ್ಕಿನ ವ್ಯಾಪಾರಿ ವಿಲಿಯಂ ಸೊಕೋಲಿನ್ 1787ರ ಶಾತೊ ಮಾರ್ಗೋ ಎನ್ನಲಾದ ಬಾಟಲಿಯೊಂದನ್ನು ಔತಣಕೂಟವೊಂದಕ್ಕೆ ತಂದು ಎಲ್ಲರಿಗೂ ತೋರಿಸುತ್ತಾ ಓಡಾಡಿದರು. ಎಲ್ಲೋ ತಗಲಿ ಗಾಜು ಬಿರಿಯಿತು, ವೈನ್ ರತ್ನಗಂಬಳಿಗೆ ಹರಿಯಿತು. ವಿಮೆಯಿಂದ 2,25,000 ಡಾಲರ್ ಬಂತು. ಕುಡಿಯುವ ಇರಾದೆ ಯಾರಿಗೂ ಇರಲಿಲ್ಲ, ಆದರೂ ಲೋಕವೆಲ್ಲ ಲೊಚಗುಟ್ಟಿತು.

ಇಲ್ಲಿಯವರೆಗೆ ಕೊಳ್ಳದ ಬಾಟಲಿಗಳ ಬಗ್ಗೆ ಹೇಳಿದೆ. ಕೊಂಡೂ ತಪ್ಪಿಹೋದವುಗಳ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಏಕೆಂದರೆ ಅಲ್ಲಿ ದೂರಲು ಪೇಟೆಯಿಲ್ಲ, ವಿಮರ್ಶಕನಿಲ್ಲ, ಹರಾಜಿನಲ್ಲಿ ಮೇಲೆ ಕೂಗಿದ ಶ್ರೀಮಂತನೂ ಇಲ್ಲ. ಜಗತ್ತಿನ ವೈನಿನಲ್ಲಿ ಬಹುಪಾಲು ಮಾಡಿದ ಒಂದೆರಡು ವರ್ಷಗಳಲ್ಲಿ ಕುಡಿಯಲೆಂದೇ ಮಾಡಿದ್ದು. ಹತ್ತಿಪ್ಪತ್ತು ವರ್ಷ ಬಾಳುವುದು ಸ್ವಲ್ಪ ಮಾತ್ರ. ಆ ಬಾಳುವ ಜಾತಿಯದ್ದಕ್ಕೂ ಒಂದು ಏರುಹೊತ್ತು, ಒಂದು ಇಳಿಹೊತ್ತು ಇದೆ. ಬಿರಡೆಯ ಮೂಲಕ ಅಷ್ಟಷ್ಟೇ ಗಾಳಿ ಒಳಹೋಗುತ್ತಿರುತ್ತದೆ. ಬಣ್ಣ ಇಟ್ಟಿಗೆಯತ್ತ ತಿರುಗುತ್ತದೆ, ಹಣ್ಣಿನ ರುಚಿ ಸರಿದು ಚರ್ಮ, ತಂಬಾಕು, ಅಣಬೆಗಳ ನೆನಪು ತರುವ ವಾಸನೆಗಳು ಬರುತ್ತವೆ. ಆಮೇಲೆ ಅವೂ ಸರಿಯುತ್ತವೆ.

ಬರ್ಗಂಡಿಯ ಬಿಳಿ ವೈನ್ ಕೂಡಿಟ್ಟವರಿಗೆ ಬಿದ್ದ ಪೆಟ್ಟು ಇನ್ನೂ ಹಸಿಯಾಗಿದೆ. 1990ರ ದಶಕದ ನಡುವಿನ ವರ್ಷಗಳಿಂದೀಚಿನ, ಮುಖ್ಯವಾಗಿ 1996ರಿಂದೀಚಿನ, ಎಷ್ಟೋ ದೊಡ್ಡ ಹೆಸರಿನ ಬಾಟಲಿಗಳು ಹತ್ತು ವರ್ಷ ತುಂಬುವ ಮೊದಲೇ ಕಂದಾಗಿ, ಕತ್ತರಿಸಿಟ್ಟ ಸೇಬಿನಂತಾಗಿ ಹೋದವು. ಬಿರಡೆಯ ಗುಣಮಟ್ಟ, ಕೆಡದಿರಲೆಂದು ಬೆರೆಸುವ ಗಂಧಕ ಕಡಿಮೆಯಾದದ್ದು, ದ್ರಾಕ್ಷಿ ಹಿಂಡುವ ರೀತಿಯಲ್ಲಾದ ಬದಲಾವಣೆ ಎಂದು ಹಲವು ಕಾರಣ ಹೇಳುತ್ತಾರೆ. ಒಂದೇ ಪೆಟ್ಟಿಗೆಯ ಒಂದು ಬಾಟಲಿ ಸ್ವರ್ಗ, ಪಕ್ಕದ್ದು ನೀರು ಪಾಲು. ತಾಳಿದವನು ಬಾಳಿಯಾನು ಎಂದು ಕಾದು ಕುಳಿತವರೇ ಹೆಚ್ಚು ಕಳೆದುಕೊಂಡರು.

ಇದರ ಮೇಲೆ ಟಿಸಿಎ ಎಂಬ ರಾಸಾಯನಿಕದ ಕಾಟ. ಬಿರಡೆಯ ಮರದಲ್ಲಿ ಶಿಲೀಂಧ್ರಗಳಿಂದ ಹುಟ್ಟುತ್ತದೆ. ಲಕ್ಷ ಕೋಟಿಯಲ್ಲಿ ಕೆಲವೇ ಭಾಗದಷ್ಟಿದ್ದರೂ ಸಾಕು, ವೈನ್ ಒದ್ದೆ ರಟ್ಟಿನ ಪೆಟ್ಟಿಗೆಯಂತೆ ನಾರುತ್ತದೆ. ಬಾಟಲಿ ತೆರೆಯುವವರೆಗೆ ಅದು ಇದೆಯೋ ಇಲ್ಲವೋ ತಿಳಿಯುವ ಉಪಾಯವಿಲ್ಲ. ನೀವು ಮೂವತ್ತು ವರ್ಷ ಮರುಗಿದ ಆ ಬಾಟಲಿಯೊಳಗೂ ಇದು ಕುಳಿತಿದ್ದಿರಬಹುದು. ಈ ಮಾತು ನನಗೆ ಕೆಲವು ರಾತ್ರಿ ಚೆನ್ನಾಗಿ ನಿದ್ದೆ ತರಿಸಿದೆ.

ವಿಶೇಷ ದಿನಕ್ಕೆಂದು ಎತ್ತಿಟ್ಟು, ಯಾವ ದಿನವೂ ಅಷ್ಟು ವಿಶೇಷವೆನಿಸದೆ ಬಾಟಲಿ ಮುದಿಯಾಗುವುದನ್ನು ಕಂಡೇ ಡೊರೊತಿ ಗೇಟರ್ ಮತ್ತು ಜಾನ್ ಬ್ರೆಷರ್ ಎಂಬ ಪತ್ರಕರ್ತ ದಂಪತಿ ವಾಲ್ ಸ್ಟ್ರೀಟ್ ಜರ್ನಲ್‌ನ ತಮ್ಮ ಅಂಕಣದಲ್ಲಿ ಫೆಬ್ರವರಿಯ ಕೊನೆಯ ಶನಿವಾರವನ್ನು ಬಾಟಲಿ ತೆರೆಯುವ ರಾತ್ರಿ ಎಂದು ಸಾರಿದರು. ನೆಪ ಬೇಕಾದವರಿಗೆ ಒಂದು ನೆಪ. ಅಂದು ತಮ್ಮ ಪಾಲಿನ ಆ ಒಂದು ಬಾಟಲಿಯನ್ನು ತೆರೆದವರು ಜಗತ್ತಿನ ನಾನಾ ಕಡೆಗಳಿಂದ ಅವರಿಗೆ ಬರೆಯುತ್ತಿದ್ದರು. ಕೇಳಲು ಹುಡುಗಾಟವೆನಿಸುತ್ತದೆ. ಆದರೆ ಹೊರಗಿನವರು ಹೇಳದೆ ತಮ್ಮ ಬಾಟಲಿಯನ್ನು ತಾವೇ ತೆರೆಯಲಾರದವರು ಎಷ್ಟು ಮಂದಿ ಇದ್ದೇವೆ ಎಂಬುದನ್ನು ಆ ದಂಪತಿ ಸರಿಯಾಗಿ ಅಳೆದಿದ್ದರು.

ಓ-ಬ್ರಿಯೋಂ ಏನಾಯಿತು ಎಂದು ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟುವುದು ಕೇಳಿಸುತ್ತಿದೆ. ಕುಡಿದೆ. ಹದಿನೆಂಟು ವರ್ಷಗಳ ನಂತರ ಬೇರೆಯವರ ಮೇಜಿನಲ್ಲಿ ಅದೇ 1989, ಅರ್ಧ ಲೋಟ. ತುಂಬ ಚೆನ್ನಾಗಿತ್ತು. ಹೊಗೆ, ಬಿಸಿ ಮಣ್ಣು, ಕಪ್ಪು ಹಣ್ಣು, ನುಂಗಿದ ಎಷ್ಟೋ ಹೊತ್ತಿನವರೆಗೆ ಬಾಯಲ್ಲಿ ಉಳಿಯುವ ಒಂದು ತಂಪು. ಒಂದು ಕೊರತೆಯನ್ನೂ ಹೇಳಲಾರೆ. ಆದರೂ ಮನೆಗೆ ಬರುವ ದಾರಿಯಲ್ಲಿ ನೆನೆದದ್ದು ಆ ಮೂರು ಧೂಳಿನ ಗುರುತುಗಳನ್ನು. ಕುಡಿದದ್ದು ಬೇರೆ ಬಾಟಲಿ, ಕಳೆದುಕೊಂಡದ್ದು ಬೇರೆ ಎಂದು ಮನಸ್ಸು ಹಟ ಹಿಡಿದಿತ್ತು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಯಾವುದನ್ನು ಕೊಂಡರೆ ಬೆಲೆ ಏರುತ್ತದೆ ಎಂಬ ಬಗೆಯವು. ನನಗೆ ಗೊತ್ತಿದ್ದರೆ ಉಪನ್ಯಾಸ ಮಾಡುತ್ತಾ ಇರುತ್ತಿರಲಿಲ್ಲ ಎಂದೆ. ಕೊನೆಯಲ್ಲಿ ಹಿರಿಯ ಮಹಿಳೆಯೊಬ್ಬರು ಎದ್ದು ನಿಂತು, "ನಮ್ಮವರು ಕೊಂಡಿಟ್ಟಿದ್ದ 1982ರ ಬೋರ್ಡೊ ಒಂದು ಬಾಟಲಿ ಮನೆಯಲ್ಲಿದೆ. ಅವರು ಈಗಿಲ್ಲ. ಇಟ್ಟುಕೊಳ್ಳಲೋ ತೆರೆಯಲೋ?" ಎಂದು ಕೇಳಿದರು. ಎಲ್ಲಿಟ್ಟಿದ್ದೀರಿ ಎಂದೆ. ಮಂಚದ ಕೆಳಗೆ, ಮಲಗಿಸಿ ಎಂದರು. ನಾನು ಹೇಳಿದ್ದು ಇಷ್ಟು: ತೆರೆಯಿರಿ ಅಮ್ಮ. ಎರಡು ದಿನ ಮೊದಲು ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ, ಗಸಿ ತಳಕ್ಕಿಳಿಯಲಿ. ಹಳೆಯ ಬಿರಡೆ ಪುಡಿಯಾಗುತ್ತದೆ, ತಿರುಪು ಹಾಕಬೇಡಿ; ಎರಡು ಪಕ್ಕಕ್ಕೆ ತೂರಿಸುವ ತೆಳು ಅಲಗಿನ ಉಪಕರಣ ಸಿಗುತ್ತದೆ, ಅದನ್ನು ಬಳಸಿ. ತೆರೆದು ಗಂಟೆಗಟ್ಟಲೆ ಗಾಳಿಗಿಡಬೇಡಿ, ಮುದಿ ವೈನ್ ಬೇಗ ಸುಸ್ತಾಗುತ್ತದೆ. ಜೊತೆಗೆ ಇನ್ನೊಂದು ಸಾಧಾರಣ ಬಾಟಲಿ ಸಿದ್ಧವಿರಲಿ, ಇದು ಕೆಟ್ಟಿದ್ದರೆ ಬಂದವರು ಒಣಬಾಯಲ್ಲಿ ಕೂರಬಾರದು.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಅವರಿಂದ ಒಂದು ಸಂದೇಶ ಬಂತು. ಮಗಳು ಬಂದಿದ್ದಳಂತೆ, ಒಂದು ಮಂಗಳವಾರ ತೆರೆದರಂತೆ. ಬಿರಡೆ ಎರಡು ತುಂಡಾಗಿ ಅರ್ಧ ಒಳಗೇ ಬಿತ್ತು, ಹಳೆಯ ಬಟ್ಟೆಯಲ್ಲಿ ಸೋಸಿಕೊಂಡರಂತೆ.